ಹಳೆಯ ಧ್ವನಿವರ್ಧಕ, ಹೊಸ ಚಾವಡಿ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಳೆಯ ಮನೆಯೊಂದರ ಅಟ್ಟವನ್ನು ಹತ್ತಿ ನೋಡಿದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವ ವಸ್ತುಗಳು ಇವು: ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ಮಕ್ಕಳು ಬೆಳೆದ ಮೇಲೆ ಯಾರೂ ಕೇಳದ ತೊಟ್ಟಿಲು, ಹಗ್ಗ ಬಿಗಿದ ಪಂಚಾಂಗಗಳ ಕಟ್ಟು, ಮತ್ತು ಹಳೆಯ ಪಂಚೆಯೊಂದನ್ನು ಹೊದ್ದು ಕುಳಿತ ಒಂದೆರಡು ಮರದ ಪೆಟ್ಟಿಗೆಗಳು. ಆ ಪಂಚೆಯನ್ನು ಸರಿಸಿದರೆ ಒಳಗಿರುವುದು ಒಂದು ಕಾಲದಲ್ಲಿ ಮನೆಮಂದಿಯನ್ನೆಲ್ಲ ಚಾವಡಿಗೆ ಕರೆಯುತ್ತಿದ್ದ ಧ್ವನಿವರ್ಧಕ. ಗುಜರಿಯವನು ಬಂದರೆ ಅದನ್ನು ತೂಕದ ಲೆಕ್ಕದಲ್ಲಿ ಕೊಂಡೊಯ್ಯುತ್ತಾನೆ. ಕೊಡುವ ಮೊದಲು ಸ್ವಲ್ಪ ತಡೆಯಿರಿ ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ಈ ಪೆಟ್ಟಿಗೆಗಳು ನಮ್ಮ ಕರಾವಳಿಗೆ ಬಂದ ಬಗೆಯನ್ನು ಮೊದಲು ನೆನೆಯೋಣ. ೧೯೩೫ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದರು. ೧೯೫೦ರಲ್ಲಿ ಧಾರವಾಡ, ೧೯೫೫ರಲ್ಲಿ ಬೆಂಗಳೂರು ನಿಲಯಗಳು ಪ್ರಸಾರಕ್ಕೆ ತೊಡಗಿದವು. ಕಡಲ ತೀರದ ನಾವು ಎರಡು ತೆಂಗಿನ ಮರಗಳ ನಡುವೆ ಏರಿಯಲ್ ತಂತಿ ಎಳೆದು, ಘಟ್ಟದ ಆಚೆಯಿಂದ ಬರುವ ದನಿಯನ್ನು ಕರಕರ ಸದ್ದಿನ ನಡುವೆ ಹೆಕ್ಕಿ ಕೇಳಬೇಕಾಗಿತ್ತು. ೧೯೭೬ರ ಡಿಸೆಂಬರಿನಲ್ಲಿ ಮಂಗಳೂರು ನಿಲಯ ಆರಂಭವಾಗಿ, ಅದರ ಮಧ್ಯಮ ತರಂಗದ ಪ್ರಸಾರಕ ನಮ್ಮ ಬ್ರಹ್ಮಾವರದಲ್ಲೇ ನಿಂತಾಗ ಆ ಕಷ್ಟ ತೀರಿತು. ೧೦೮೯ ಕಿಲೋಹರ್ಟ್ಸಿನ ದನಿ ಮನೆಯೊಳಗೆ ಕುಳಿತು ಮಾತನಾಡಿದಂತೆ ಕೇಳಿಸತೊಡಗಿತು. ಅಷ್ಟರಲ್ಲಿ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದವರು ರೇಡಿಯೋಗ್ರಾಮುಗಳನ್ನು ಊರಿಗೆ ತಂದಿದ್ದರು. ಮುಂದೆ ಕೊಲ್ಲಿ ದೇಶಗಳಿಗೆ ಹೋದವರು ಜೋಡಿ ಸ್ಪೀಕರುಗಳ ಸ್ಟೀರಿಯೋ ಸೆಟ್ಟುಗಳನ್ನು ತಂದರು. ಕಲ್ಕತ್ತೆಯಲ್ಲಿ ೧೯೭೦ರಲ್ಲಿ ಹುಟ್ಟಿದ ಸೋನೋಡೈನ್ ಮೊದಲಾದ ನಮ್ಮ ದೇಶದ ಕಂಪೆನಿಗಳ ಪೆಟ್ಟಿಗೆಗಳೂ ಕೆಲವು ಮನೆಗಳನ್ನು ಸೇರಿದವು. ಅಟ್ಟದ ಮೇಲೆ ಇರುವುದು ಇವುಗಳಲ್ಲಿ ಯಾವುದಾದರೂ ಒಂದಾಗಿರಬಹುದು.

ಇನ್ನು ಒಂದು ಮನೆಯ ಸಂಗತಿ. ಕುಂದಾಪುರ ಪೇಟೆಯಲ್ಲಿ ನನಗೆ ಪರಿಚಯದ ಒಂದು ಕುಟುಂಬ ಉಂಟು. ಮಗ ಹೊಸ ಮನೆ ಕಟ್ಟಿಸಿ, ಗೋಡೆಗೆ ದೊಡ್ಡ ಟೆಲಿವಿಷನ್ ತೂಗುಹಾಕಿ, ಅದರ ಸುತ್ತ ಅಂಗೈಯಗಲದ ಐದು ಪೆಟ್ಟಿಗೆಗಳನ್ನೂ ಗುಡುಗಿನ ಸದ್ದಿಗೆಂದು ಒಂದು ದೊಡ್ಡ ಪೆಟ್ಟಿಗೆಯನ್ನೂ ಇಟ್ಟರು. ಇದನ್ನೇ ಈಗ ಹೋಂ ಥಿಯೇಟರ್ ಎನ್ನುತ್ತಾರೆ. ಸಿನಿಮಾದಲ್ಲಿ ವಿಮಾನ ಹಾರಿದರೆ ಹೆಂಚೇ ಹಾರಿತೋ ಎಂಬಂತೆ ಕೇಳಿಸುತ್ತಿತ್ತು. ಆದರೆ ಎಂಬತ್ತು ದಾಟಿದ ತಾಯಿಯವರು ತಾಳಮದ್ದಳೆ ಕೇಳಲು ಕುಳಿತರೆ ಹತ್ತು ನಿಮಿಷದಲ್ಲಿ ಎದ್ದು ಒಳಗೆ ಹೋಗುತ್ತಿದ್ದರು. "ಎಂತ ಮಾತಾಡ್ತ್ರ್ ಅಂದೇಳಿ ಒಂದೂ ಗೊತ್ತಾತಿಲ್ಲೆ, ಮಗಾ" ಎಂಬುದು ಅವರ ದೂರು. ಮಗ ಸದ್ದನ್ನು ಏರಿಸುತ್ತಿದ್ದರು. ಏರಿಸಿದಷ್ಟೂ ಗದ್ದಲ ಹೆಚ್ಚುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ಕ್ರಮೇಣ ಆಕೆ ಚಾವಡಿಗೆ ಬರುವುದನ್ನೇ ಬಿಟ್ಟರು. ಮನೆಯಲ್ಲಿ ಹಿರಿಯರೊಬ್ಬರು ನಾಲ್ವರ ನಡುವೆ ಕುಳಿತುಕೊಳ್ಳುವುದನ್ನು ಬಿಡುವುದೆಂದರೆ ಅದು ಸಣ್ಣ ನಷ್ಟವೆ? ಕಡೆಗೆ ಆ ಮನೆಯ ಅಟ್ಟದ ಮೇಲಿದ್ದ, ತೀರಿಹೋದ ತಂದೆಯವರ ಕಾಲದ ಜೋಡಿ ಪೆಟ್ಟಿಗೆಗಳು ಕೆಳಗಿಳಿದು ಬಂದುವು. ಅವುಗಳನ್ನು ಸರಿಪಡಿಸಿ ಹೊಸ ವ್ಯವಸ್ಥೆಗೆ ಜೋಡಿಸಿದ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ.

ಮಾತು ಏಕೆ ತಿಳಿಯುವುದಿಲ್ಲ?

ಮೊದಲು ಕಾರಣವನ್ನು ಅರಿಯೋಣ. ಮನುಷ್ಯರ ಮಾತಿನಲ್ಲಿ ಸ್ವರಗಳು ಬಲವನ್ನು ಕೊಡುತ್ತವೆ, ವ್ಯಂಜನಗಳು ಅರ್ಥವನ್ನು ಕೊಡುತ್ತವೆ. 'ಕಾಲು', 'ಸಾಲು', 'ಶಾಲು' ಇವುಗಳನ್ನು ಬೇರೆ ಬೇರೆ ಎಂದು ತಿಳಿಸುವುದು ಮೊದಲ ಅಕ್ಷರದ ಒಂದು ಸೂಕ್ಷ್ಮ ಸದ್ದು. ಆ ಸದ್ದಿನ ಬಹುಭಾಗ ಸೆಕೆಂಡಿಗೆ ೨,೦೦೦ಕ್ಕೆ ಮೇಲ್ಪಟ್ಟ ಕಂಪನಗಳಲ್ಲಿ ಇರುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಕಂಪನಗಳನ್ನೇ. ಆದ್ದರಿಂದಲೇ ಅನೇಕ ಹಿರಿಯರಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ.

ಈಗಿನ ತೆಳು ಟೆಲಿವಿಷನ್ನುಗಳಲ್ಲಿ ಸ್ಪೀಕರು ಬೆನ್ನಿಗೋ ತಳಕ್ಕೋ ಅಂಟಿಕೊಂಡಿರುತ್ತದೆ. ದನಿ ಗೋಡೆಗೆ ಬಡಿದು ನಮ್ಮತ್ತ ಬರಬೇಕು. ಅಂಗೈಯಗಲದ ಪೆಟ್ಟಿಗೆಗಳಲ್ಲಿಯೂ ಕೆಲವು ಗಂಟಲಿನ ಮಧ್ಯದ ದನಿಯನ್ನು ತೆಳ್ಳಗೆ ಮಾಡಿಬಿಡುತ್ತವೆ. ಹಳೆಯ ರೇಡಿಯೋದ ಸ್ಪೀಕರಾದರೋ ಮಾತಿಗಾಗಿಯೇ ಹುಟ್ಟಿದ್ದು. ಮಧ್ಯಮ ತರಂಗದ ನಿಲಯಗಳು ಒಂದರಿಂದೊಂದು ೯ ಕಿಲೋಹರ್ಟ್ಸ್ ಅಂತರದಲ್ಲಿ ಕುಳಿತಿರುವುದರಿಂದ ಅಲ್ಲಿ ಅತಿ ಎತ್ತರದ ಸ್ವರಗಳಿಗೆ ಎಡೆಯೇ ಇಲ್ಲ. ಇದನ್ನು ಬಲ್ಲ ತಯಾರಕರು ಹಗುರವಾದ, ಅಗಲವಾದ ಕಾಗದದ ಕೋನನ್ನು ಬಳಸಿ, ೨,೦೦೦ದಿಂದ ೫,೦೦೦ ಕಂಪನಗಳ ನಡುವೆ ದನಿ ಸ್ವಲ್ಪ ಮುಂದೆ ಬರುವಂತೆ ಮಾಡಿದರು. ಅರ್ಥ ಹೇಳುವ ಅಕ್ಷರಗಳು ನೆಲೆಸಿರುವುದೂ ಅಲ್ಲಿಯೇ. ಹಾಗೆಂದು ಸ್ಪೀಕರು ಕಿವಿಯ ಔಷಧವಲ್ಲ. ಹಿರಿಯರ ಕಿವಿಯನ್ನು ವೈದ್ಯರಿಗೆ ತೋರಿಸುವುದನ್ನು ಮರೆಯಬಾರದು.

ಪೆಟ್ಟಿಗೆಯೊಳಗೆ ಏನುಂಟು?

ಸ್ಪೀಕರಿನ ಒಳಗೆ ಒಂದು ಅಯಸ್ಕಾಂತ. ಅದರ ಕಿರಿದಾದ ಸಂದಿಯಲ್ಲಿ ಕೂದಲೆಳೆಯಷ್ಟು ಬಿಡುವಿನಲ್ಲಿ ತೂಗುವ ತಾಮ್ರದ ತಂತಿಯ ಸುರುಳಿ. ಆ ಸುರುಳಿಗೆ ಅಂಟಿದ ಕಾಗದದ ಕೋನು. ವಿದ್ಯುತ್ತು ಸುರುಳಿಯಲ್ಲಿ ಅತ್ತಿತ್ತ ಹರಿದಾಗ ಸುರುಳಿ ಮುಂದೆ ಹಿಂದೆ ಚಲಿಸುತ್ತದೆ. ಕೋನು ಗಾಳಿಯನ್ನು ನೂಕುತ್ತದೆ. ಇಷ್ಟೇ ರಹಸ್ಯ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ೧೯೨೫ರಲ್ಲಿ ಪ್ರಕಟಿಸಿದ ಈ ರಚನೆಯೇ ಇಂದಿನ ಅತಿ ಬೆಲೆಯ ಸ್ಪೀಕರಿನಲ್ಲಿಯೂ ಇರುವುದು. ಹಳೆಯದನ್ನು ಹೊಸದಕ್ಕೆ ಜೋಡಿಸಲು ಸಾಧ್ಯವಾಗುವುದೂ ಇದರಿಂದಲೇ. ತತ್ತ್ವ ಬದಲಾಗಿಲ್ಲ, ಅಳತೆಗಳು ಬದಲಾಗಿವೆ.

ಅಯಸ್ಕಾಂತಗಳಲ್ಲಿ ಮಾತ್ರ ಒಂದು ಬದಲಾವಣೆ ಆಯಿತು. ಐವತ್ತರ, ಅರವತ್ತರ ದಶಕದ ಒಳ್ಳೆಯ ಸ್ಪೀಕರುಗಳಲ್ಲಿ ಅಲ್ಯುಮಿನಿಯಂ, ನಿಕಲ್, ಕೋಬಾಲ್ಟುಗಳ ಮಿಶ್ರಲೋಹವಾದ ಆಲ್ನಿಕೋ ಇರುತ್ತಿತ್ತು. ೧೯೭೮ರಲ್ಲಿ ಆಫ್ರಿಕದ ಜಾಯಿರಿನಲ್ಲಿ ಕದನ ನಡೆದು ಕೋಬಾಲ್ಟಿನ ಬೆಲೆ ಗಗನಕ್ಕೇರಿದಾಗ, ಆಲ್ನಿಕೋವನ್ನೇ ಹಿಡಿದಿದ್ದ ತಯಾರಕರೂ ಕಪ್ಪು ಮಡಕೆಯ ಬಿಲ್ಲೆಯಂತಿರುವ ಫೆರೈಟಿಗೆ ಬದಲಾದರು. ನಿಮ್ಮ ಸ್ಪೀಕರಿನ ಬೆನ್ನಿನಲ್ಲಿ ಎತ್ತರದ ಲೋಹದ ಡಬ್ಬಿಯಂಥದು ಇದ್ದರೆ ಅದು ಆಲ್ನಿಕೋ ಇರಬಹುದು. ಅಗಲವಾದ ಕಪ್ಪು ಬಿಲ್ಲೆ ಇದ್ದರೆ ಫೆರೈಟ್. ಎರಡೂ ಒಳ್ಳೆಯವೇ. ಆಲ್ನಿಕೋ ಇದ್ದರೆ ಅಯಸ್ಕಾಂತವನ್ನು ಮಾತ್ರ ಬಿಚ್ಚಬೇಡಿ; ಬಿಚ್ಚಿದರೆ ಅದರ ಶಕ್ತಿ ಕುಗ್ಗುತ್ತದೆ.

ಮುಟ್ಟಬಾರದವು ಮೂರು

ಮುಂದೆ ಹೋಗುವ ಮೊದಲು ಮೂರು ಎಚ್ಚರಿಕೆಗಳು.

ಮೊದಲನೆಯದು: ಅಟ್ಟದಿಂದ ಇಳಿಸಿದ ಕವಾಟದ ರೇಡಿಯೋವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ 'ನಡೆಯುತ್ತದೆಯೋ ನೋಡೋಣ' ಎನ್ನಬೇಡಿ. ಎಸಿ–ಡಿಸಿ ಎಂದು ಮಾರುತ್ತಿದ್ದ ಕೆಲವು ಸೆಟ್ಟುಗಳಲ್ಲಿ ಒಳಗಿನ ತಗಡೇ ಮನೆಯ ವಿದ್ಯುತ್ತಿಗೆ ನೇರವಾಗಿ ಸೇರಿರುತ್ತದೆ. ಅದನ್ನು ಮುಟ್ಟಿದರೆ ಜೀವಕ್ಕೇ ಅಪಾಯ. ಬೇರೆ ಸೆಟ್ಟುಗಳಲ್ಲಿಯೂ ಹಳೆಯ ಕೆಪಾಸಿಟರುಗಳು ಸೋರುತ್ತಿರುತ್ತವೆ, ಇಲಿ ತಂತಿ ಕಡಿದಿರುತ್ತದೆ. ಇದು ಬಲ್ಲವರ ಕೆಲಸ.

ಎರಡನೆಯದು: ಚೆನ್ನಾಗಿರುವ ಇಡೀ ರೇಡಿಯೋವನ್ನು ಒಂದು ಸ್ಪೀಕರಿಗಾಗಿ ಕೆಡಿಸಬೇಡಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನಂಥ ಕಾರ್ಖಾನೆಗಳು ಒಮ್ಮೆ ತಯಾರಿಸುತ್ತಿದ್ದ ಕವಾಟಗಳನ್ನು ಈಗ ಹುಡುಕಿ ತರಬೇಕು. ಪೂರ್ತಿಯಾದ ಸೆಟ್ಟು ಹಾಗೆಯೇ ಉಳಿಯಲಿ. ನಾವು ಬಳಸಬೇಕಾದುದು ಬೇರೆಯಾಗಿಯೇ ಇರುವ ಸ್ಪೀಕರು ಪೆಟ್ಟಿಗೆಗಳನ್ನು, ಅಥವಾ ಒಳಗೆಲ್ಲ ಗೆದ್ದಲು ತಿಂದು ಸ್ಪೀಕರು ಮಾತ್ರ ಉಳಿದ ಸೆಟ್ಟುಗಳದನ್ನು. ಮೂವತ್ತರ, ನಲವತ್ತರ ದಶಕದ ಕೆಲವು ಸ್ಪೀಕರುಗಳಲ್ಲಿ ಅಯಸ್ಕಾಂತವೇ ಇರುವುದಿಲ್ಲ. ಅದರ ಬದಲು ದೊಡ್ಡದೊಂದು ಸುರುಳಿಗೆ ಹೆಚ್ಚು ವೋಲ್ಟಿನ ವಿದ್ಯುತ್ತು ಕೊಡಬೇಕಾಗುತ್ತದೆ. ಅಂಥವನ್ನು ಮನೆಯಲ್ಲಿ ಪ್ರಯೋಗಿಸಲು ಹೋಗಬೇಡಿ.

ಮೂರನೆಯದು: ಯಕ್ಷಗಾನದ ಟೆಂಟು, ಜಾತ್ರೆ, ಸಭೆಗಳಲ್ಲಿ ಕಟ್ಟುತ್ತಿದ್ದ ತುತ್ತೂರಿಯಾಕಾರದ ಹಾರ್ನು ಮನೆಯ ಸಿನಿಮಾಕ್ಕೆ ಹೇಳಿದ್ದಲ್ಲ. ಅದಕ್ಕೆ ದೂರದ ತಂತಿಗೆಂದು ೧೦೦ ವೋಲ್ಟಿನ ಟ್ರಾನ್ಸ್‌ಫಾರ್ಮರು ಜೋಡಿಸಿರುವುದುಂಟು. ಬಯಲಿನ ಆ ತುದಿಗೆ ಮಾತನ್ನು ಮುಟ್ಟಿಸುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ಮದ್ದಳೆಯ ಗುಂಯ್ಕಾರ ಅದರಲ್ಲಿ ಬರುವುದೇ ಇಲ್ಲ.

ಪರೀಕ್ಷೆ

ಈಗ ಪೆಟ್ಟಿಗೆಯನ್ನು ಬೆಳಕಿಗೆ ತನ್ನಿ. ಹಿಂದಿನ ಹಲಗೆ ಬಿಚ್ಚಿ ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ. ಮರದಲ್ಲಿ ಸಣ್ಣ ತೂತುಗಳೂ ಕೆಳಗೆ ಹಿಟ್ಟಿನಂಥ ಪುಡಿಯೂ ಕಂಡರೆ ಹುಳು ಹಿಡಿದಿದೆ. ಅದನ್ನು ಮೊದಲು ಹೊರಗಿಡಿ.

ಅನಂತರ ಮಲ್ಟಿಮೀಟರಿನಿಂದ ಸುರುಳಿಯ ತಡೆಯನ್ನು ಅಳೆಯಿರಿ. ೮ ಓಮಿನ ಸ್ಪೀಕರು ಸುಮಾರು ೬ ತೋರಿಸುತ್ತದೆ. ೪ ಓಮಿನದು ೩ಕ್ಕೆ ಸ್ವಲ್ಪ ಮೇಲೆ. ೧೬ ಓಮಿನದು ಸುಮಾರು ೧೨. ಮುಳ್ಳು ಅಲುಗಾಡದೆ ನಿಂತರೆ ತಂತಿ ಎಲ್ಲೋ ತುಂಡಾಗಿದೆ. ಗಾಬರಿ ಬೇಡ. ಎಷ್ಟೋ ಬಾರಿ ತುಂಡಾಗುವುದು ಸುರುಳಿಯಲ್ಲ, ಅದಕ್ಕೆ ಹೋಗುವ ಮೆದುವಾದ ಹೆಣೆದ ತಂತಿ. ನೂಲಿನ ಮೇಲೆ ತಾಮ್ರವನ್ನು ಸೀರೆಯ ಜರಿಯಂತೆ ಸುತ್ತಿ ಅದನ್ನು ಮಾಡಿರುತ್ತಾರೆ. ನಮ್ಮ ಉಪ್ಪುಗಾಳಿಗೆ ಅದು ಹಸುರುಗಟ್ಟಿ ಪುಡಿಯಾಗುತ್ತದೆ. ಅದನ್ನು ಬದಲಿಸಿ ಬೆಸುಗೆ ಹಾಕಿದರೆ ಸತ್ತಿತೆಂದುಕೊಂಡದ್ದು ಎದ್ದು ಕೂರುತ್ತದೆ.

ಮೂರನೆಯ ಪರೀಕ್ಷೆ ಬೆರಳಿನದು. ಐದೂ ಬೆರಳುಗಳನ್ನು ಕೋನಿನ ನಡುವೆ ಸಮನಾಗಿ ಇರಿಸಿ, ಹೂವನ್ನು ಒತ್ತಿದಂತೆ ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬಂದರೆ ಒಳ್ಳೆಯದು. ಗರಗರ ಎಂದು ಉಜ್ಜಿದರೆ ಸಂದಿಯಲ್ಲಿ ತುಕ್ಕೋ ಮರಳೋ ಸೇರಿದೆ, ಇಲ್ಲವೆ ಹತ್ತಾರು ವರ್ಷ ಒಂದೇ ಭಂಗಿಯಲ್ಲಿ ಕುಳಿತು ಕೋನು ಜೋತುಬಿದ್ದಿದೆ. ಜೋತುಬಿದ್ದದ್ದಾದರೆ ಸ್ಪೀಕರಿನ ತಿರುಪುಗಳನ್ನು ಬಿಚ್ಚಿ ಮೇಲಿದ್ದುದನ್ನು ಕೆಳಗೆ ತಿರುಗಿಸಿ ಕೂರಿಸಿದರೆ ಅನೇಕ ಬಾರಿ ಸರಿಹೋಗುತ್ತದೆ.

ದುರಸ್ತಿ

ಕೋನು ಹರಿದಿದ್ದರೆ ತೆಳುವಾದ ಟಿಶ್ಯೂ ಕಾಗದದ ತುಂಡನ್ನು, ಅರ್ಧ ನೀರು ಬೆರೆಸಿದ ಬಿಳಿ ಮರಗೆಲಸದ ಅಂಟಿನಿಂದ, ಹರಿದ ಗೀಟಿನ ಎರಡೂ ಕಡೆ ಅಂಟಿಸಿ ನೆರಳಿನಲ್ಲಿ ಒಣಗಿಸಿ. ಮೈದಾ ಅಂಟು ಬೇಡ. ಕಾಗದಕ್ಕೆ ಮೈದಾ ಹಚ್ಚಿ ಕತ್ತಲೆ ಪೆಟ್ಟಿಗೆಯಲ್ಲಿ ಇಡುವುದೆಂದರೆ ಜಿರಲೆಗಳಿಗೆ ಎಲೆ ಹಾಕಿ ಬಡಿಸಿದಂತೆ. ದಪ್ಪ ಟೇಪೂ ಬೇಡ. ಅದರ ಭಾರಕ್ಕೆ ಕೋನಿನ ದನಿ ಮಂಕಾಗುತ್ತದೆ.

ಕೋನಿನ ಅಂಚನ್ನು ನೋಡಿ. ಮಡಿಕೆ ಮಡಿಕೆಯಾದ ಕಾಗದದ ಅಥವಾ ಬಟ್ಟೆಯ ಅಂಚು ಅರವತ್ತು ವರ್ಷ ಕಳೆದರೂ ಗಟ್ಟಿಯಾಗಿಯೇ ಇರುತ್ತದೆ. ಆದರೆ ಎಪ್ಪತ್ತರ ದಶಕದಿಂದೀಚೆ ಬಳಕೆಗೆ ಬಂದ ಸ್ಪಂಜಿನ ಅಂಚು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬೆರಳು ತಾಗಿದರೆ ಉದುರುತ್ತದೆ. ನಮ್ಮ ತೇವದ ಹವೆಯಲ್ಲಿ ಬೇಗನೆ. ಹೀಗೆ ಹಳೆಯದಕ್ಕಿಂತ ಹಳೆಯದು ಹೆಚ್ಚು ಬಾಳುವ ವಿಚಿತ್ರವೂ ಉಂಟು. ಸ್ಪಂಜಿನ ಅಂಚನ್ನು ಅದೇ ಅಳತೆಯ ಹೊಸತರಿಂದ ಬದಲಿಸಬಹುದು. ಕೊಳ್ಳುವಾಗ ಕೋನಿನ ಹೊರ ಅಗಲವನ್ನೂ ಚೌಕಟ್ಟಿನ ಒಳ ಅಗಲವನ್ನೂ ಅಳೆದುಕೊಂಡು ಹೋಗಿ.

ಪೆಟ್ಟಿಗೆಯಲ್ಲಿ ದೊಡ್ಡದೊಂದು, ಚಿಕ್ಕದೊಂದು ಹೀಗೆ ಎರಡು ಸ್ಪೀಕರುಗಳಿದ್ದರೆ ಅವುಗಳ ನಡುವೆ ದನಿಯನ್ನು ಹಂಚುವ ಕ್ರಾಸೋವರ್ ಎಂಬ ಸಣ್ಣ ಹಲಗೆ ಇರುತ್ತದೆ. ಅದರ ಕೆಪಾಸಿಟರುಗಳು ಕಾಲಕ್ರಮದಲ್ಲಿ ಒಣಗಿ ತಮ್ಮ ಗುಣ ಕಳೆದುಕೊಳ್ಳುತ್ತವೆ. ಮೇಲೆ ಬರೆದಿರುವಷ್ಟೇ ಮೈಕ್ರೋಫ್ಯಾರಡ್ ಇರುವ, ವೋಲ್ಟು ಅಷ್ಟೇ ಅಥವಾ ಹೆಚ್ಚು ಇರುವ ಹೊಸದನ್ನು ಎರಡೂ ಪೆಟ್ಟಿಗೆಗಳಲ್ಲಿ ಒಟ್ಟಿಗೇ ಹಾಕಿಸಿ. ಒಂದರಲ್ಲಿ ಮಾತ್ರ ಬದಲಿಸಿದರೆ ಎಡಗಿವಿ ಒಂದು ಹೇಳುತ್ತದೆ, ಬಲಗಿವಿ ಇನ್ನೊಂದು. ಮೇಲೆ ಹೇಳಿದ ಮನೆಯಲ್ಲಿ ಆದ ಖರ್ಚೆಲ್ಲ ನಾಲ್ಕು ಕೆಪಾಸಿಟರು, ಎರಡು ಅಂಚು, ಒಂದು ಅಂಟಿನ ಡಬ್ಬಿ ಇಷ್ಟೇ.

ಕೊನೆಗೆ ದಿಕ್ಕಿನ ಪರೀಕ್ಷೆ. ೧.೫ ವೋಲ್ಟಿನ ಟಾರ್ಚಿನ ಸೆಲ್ಲನ್ನು ಸ್ಪೀಕರಿನ ಎರಡು ತುದಿಗಳಿಗೆ ಒಂದು ಕ್ಷಣ ಮಾತ್ರ ತಾಗಿಸಿ. ಕೋನು ಮುಂದಕ್ಕೆ ಜಿಗಿದರೆ ಸೆಲ್ಲಿನ ಧನ ತುದಿ ತಾಗಿದ ಕಡೆಗೆ ಕೆಂಪು ಗುರುತು ಹಾಕಿ. ಎರಡು ಪೆಟ್ಟಿಗೆಗಳಿಗೂ ಹೀಗೆಯೇ ಮಾಡಿ. ಒಂದು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆದರೆ ತಗ್ಗಿನ ಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ. ಭಾಗವತರು ಎಲ್ಲಿ ಕುಳಿತು ಹಾಡುತ್ತಿದ್ದಾರೆಂದೇ ತಿಳಿಯುವುದಿಲ್ಲ.

ಹೊಸದಕ್ಕೆ ಜೋಡಿಸುವ ಬಗೆ

ಇನ್ನು ಹೊಸ ವ್ಯವಸ್ಥೆಯ ನಡುವಿನ ಯಂತ್ರ, ರಿಸೀವರು. ಅದರ ಬೆನ್ನಿನ ಮೇಲೆ ಎಷ್ಟು ಓಮಿನ ಸ್ಪೀಕರು ಹಾಕಬಹುದೆಂದು ಬರೆದಿರುತ್ತದೆ. ಹೆಚ್ಚಾಗಿ ೬ರಿಂದ ೧೬. ನಿಮ್ಮ ಪೆಟ್ಟಿಗೆ ೮ ಅಥವಾ ೧೬ ಓಮಿನದಾದರೆ ನಿರಾತಂಕವಾಗಿ ಜೋಡಿಸಿ. ರೇಡಿಯೋದ ಸ್ಪೀಕರುಗಳು ಸಾಮಾನ್ಯವಾಗಿ ೩ರಿಂದ ೫ ಓಮಿನವು. ಅವನ್ನು ನೇರವಾಗಿ ಜೋಡಿಸಿದರೆ ರಿಸೀವರು ಕಾಯುತ್ತದೆ, ಕೆಲವೊಮ್ಮೆ ಸುಟ್ಟೂಹೋಗಬಹುದು. ಒಂದೇ ಬಗೆಯ ೪ ಓಮಿನ ಎರಡನ್ನು ಸರಪಳಿಯಂತೆ ಒಂದರ ಹಿಂದೆ ಒಂದು ಸೇರಿಸಿದರೆ ೮ ಆಗುತ್ತದೆ. ರೇಡಿಯೋದ ಸ್ಪೀಕರಿನ ಬೆನ್ನಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಅಂಟಿಕೊಂಡಿದ್ದರೆ ಅದನ್ನು ಬಿಟ್ಟು, ನೇರವಾಗಿ ಸ್ಪೀಕರಿನ ತುದಿಗಳಿಗೇ ತಂತಿ ಕೊಡಬೇಕು. ಸಾವಿರಾರು ಓಮ್ ಬೇಡುವ ಕವಾಟಕ್ಕೂ ನಾಲ್ಕಾರು ಓಮಿನ ಸುರುಳಿಗೂ ಸಂಧಾನ ಮಾಡಿಸುತ್ತಿದ್ದ ಮಧ್ಯಸ್ಥ ಅದು. ಈಗ ಅದಕ್ಕೆ ಕೆಲಸವಿಲ್ಲ.

ಶಕ್ತಿಯ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಕವಾಟದ ರೇಡಿಯೋ ತನ್ನ ಸ್ಪೀಕರಿಗೆ ಕೊಡುತ್ತಿದ್ದುದು ಮೂರು ನಾಲ್ಕು ವಾಟು ಮಾತ್ರ. ಅಷ್ಟರಲ್ಲೇ ಅಂಗಳದವರೆಗೆ ಕೇಳಿಸಬೇಕಾಗಿತ್ತು. ಆದ್ದರಿಂದ ಆಗಿನ ತಯಾರಕರು ಸ್ಪೀಕರನ್ನು ಬಹಳ ಚುರುಕಾಗಿ ಮಾಡಿದರು. ಒಂದು ವಾಟು ಕೊಟ್ಟು ಒಂದು ಮೀಟರು ದೂರದಲ್ಲಿ ಅಳೆದರೆ ಹಳೆಯ ಒಳ್ಳೆಯ ಸ್ಪೀಕರು ೯೪ ಡೆಸಿಬೆಲ್ ಕೊಡಬಹುದು; ಈಗಿನ ಸಣ್ಣ ಪೆಟ್ಟಿಗೆ ೮೫ರ ಆಸುಪಾಸು. ಮೂರು ಡೆಸಿಬೆಲ್ ಎಂದರೆ ವಿದ್ಯುತ್ತು ಎರಡರಷ್ಟು. ಒಂಬತ್ತು ಡೆಸಿಬೆಲ್ ಎಂದರೆ ಎಂಟರಷ್ಟು. ಹೊಸದಕ್ಕೆ ಎಂಟು ವಾಟು ಬೇಕಾದಲ್ಲಿ ಹಳೆಯದಕ್ಕೆ ಒಂದೇ ವಾಟು ಸಾಕು. ಆದರೆ ಈಗಿನ ರಿಸೀವರಿನ ಮೇಲೆ ೮೦, ೧೦೦ ವಾಟು ಎಂದು ಬರೆದಿರುತ್ತದೆ. ಎತ್ತಿನ ಗಾಡಿಗೆ ಲಾರಿಯ ಎಂಜಿನು ಕಟ್ಟಿದಂತೆ! ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಸುರುಳಿ ಸುಟ್ಟೇ ಹೋಗುತ್ತದೆ.

ಇದಕ್ಕೆ ಪರಿಹಾರ ರಿಸೀವರಿನಲ್ಲಿಯೇ ಉಂಟು. ಅದರ ಪಟ್ಟಿಯಲ್ಲಿ ಪ್ರತಿ ಸ್ಪೀಕರಿಗೂ 'ಲಾರ್ಜ್', 'ಸ್ಮಾಲ್' ಎಂಬ ಎರಡು ಆಯ್ಕೆಗಳಿರುತ್ತವೆ. ಪೆಟ್ಟಿಗೆ ನೋಡುವುದಕ್ಕೆ ಎಷ್ಟೇ ದೊಡ್ಡದಾಗಿರಲಿ, 'ಸ್ಮಾಲ್' ಎಂದೇ ಇಡಿ. ವಿಭಜನೆಯ ಗೆರೆಯನ್ನು ೮೦ರಿಂದ ೧೨೦ ಹರ್ಟ್ಸಿನ ನಡುವೆ ಇಡಿ. ಆಗ ಆ ಗೆರೆಗಿಂತ ಕೆಳಗಿನ ಗುಡುಗು, ಸಿಡಿಮದ್ದುಗಳ ಭಾರವನ್ನೆಲ್ಲ ಹೊಸ ಸಬ್‌ವೂಫರು ಹೊರುತ್ತದೆ. ಹಳೆಯ ಕೋನು ತಾನು ಬಲ್ಲ ಮಾತನ್ನೂ ಹಾಡನ್ನೂ ನೋಡಿಕೊಳ್ಳುತ್ತದೆ. ಮನೆಯ ಹಿರಿಯರಿಗೆ ಬುದ್ಧಿ ಹೇಳುವ ಕೆಲಸ ಬಿಟ್ಟು, ಮೂಟೆ ಹೊರುವ ಕೆಲಸವನ್ನು ಹುಡುಗರಿಗೆ ವಹಿಸಿದಂತೆ. ಸದ್ದಿನ ಗರಿಷ್ಠ ಮಿತಿಯನ್ನು ಗೊತ್ತುಮಾಡುವ ಅನುಕೂಲವೂ ಅನೇಕ ರಿಸೀವರುಗಳಲ್ಲಿ ಇರುತ್ತದೆ. ಮೊಮ್ಮಕ್ಕಳಿರುವ ಮನೆಯಲ್ಲಿ ಅದನ್ನು ಮರೆಯಬಾರದು.

ಈಗ ಸ್ಥಾನ. ನೀವು ಕುಳಿತುಕೊಳ್ಳುವ ಜಾಗ, ಎಡ ಪೆಟ್ಟಿಗೆ, ಬಲ ಪೆಟ್ಟಿಗೆ ಈ ಮೂರೂ ಸಮಭುಜ ತ್ರಿಕೋನದ ಮೂರು ಮೂಲೆಗಳಾಗಲಿ. ಕೋನಿನ ನಡು ಕುಳಿತವರ ಕಿವಿಯ ಮಟ್ಟಕ್ಕೆ, ಎಂದರೆ ನೆಲದಿಂದ ಮೂರು ಮೂರೂವರೆ ಅಡಿ ಎತ್ತರಕ್ಕೆ ಬರಲಿ. ಹಿಂದಿನ ಸಣ್ಣ ಪೆಟ್ಟಿಗೆಗಳು ಹೊಸವೇ ಇರಬಹುದು. ಅವನ್ನು ಕಿವಿಗಿಂತ ಸ್ವಲ್ಪ ಹಿಂದಕ್ಕೆ, ಎರಡು ಪಕ್ಕಗಳಲ್ಲಿ ಇಡಿ. ಕಷ್ಟ ಬರುವುದು ಮಾತು ಹೊರಡುವ ನಡುವಿನ ಪೆಟ್ಟಿಗೆಯದು. ಎಡಬಲಗಳಲ್ಲಿ ಹಳೆಯ ದನಿ, ನಡುವೆ ಹೊಸ ದನಿ ಆದರೆ ಪಾತ್ರಧಾರಿ ರಂಗದ ಈ ಬದಿಯಿಂದ ಆ ಬದಿಗೆ ನಡೆಯುವಾಗ ಅವನ ಕಂಠವೇ ಮೂರು ಬಾರಿ ಬದಲಾಗುತ್ತದೆ. ಜೋಡಿಯಷ್ಟೇ ನಿಮ್ಮಲ್ಲಿದ್ದರೆ ನಡುವಿನ ಪೆಟ್ಟಿಗೆ ಇಲ್ಲವೆಂದು ರಿಸೀವರಿಗೆ ತಿಳಿಸಿಬಿಡಿ. ಅದು ಮಾತನ್ನು ಎಡಬಲಗಳಿಗೆ ಸಮನಾಗಿ ಹಂಚುತ್ತದೆ. ನಡುವೆ ಕುಳಿತವರಿಗೆ ಮಾತು ನಡುವಿನಿಂದಲೇ ಬಂದಂತೆ ಕೇಳುತ್ತದೆ. ಕುಂದಾಪುರದ ಆ ಮನೆಯಲ್ಲಿ ಮಾಡಿದ್ದು ಇದನ್ನೇ.

ಅನಂತರ ಅಳತೆ. ಶಬ್ದ ನಮ್ಮ ಸೆಕೆಯ ಹವೆಯಲ್ಲಿ ಸೆಕೆಂಡಿಗೆ ಸುಮಾರು ೩೫೦ ಮೀಟರು ಚಲಿಸುತ್ತದೆ. ಒಂದು ಮೀಟರಿಗೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು. ಪ್ರತಿ ಪೆಟ್ಟಿಗೆಯ ದೂರವನ್ನು ಟೇಪು ಹಿಡಿದು ಅಳೆದು ರಿಸೀವರಿಗೆ ಕೊಟ್ಟರೆ, ಹತ್ತಿರದ ಪೆಟ್ಟಿಗೆಯನ್ನು ಅಷ್ಟು ಹೊತ್ತು ತಡೆದು ಎಲ್ಲ ದನಿಗಳೂ ಒಟ್ಟಿಗೇ ಕಿವಿಗೆ ಬರುವಂತೆ ಅದು ಮಾಡುತ್ತದೆ. ಮರವಂತೆಯ ಕಡಲ ಮೊರೆತವನ್ನು ದೂರದಿಂದ ಕೇಳಿದಂತಿರುವ ಪರೀಕ್ಷಾ ಶಬ್ದವನ್ನು ಅದು ಒಂದೊಂದೇ ಪೆಟ್ಟಿಗೆಯಿಂದ ಹೊರಡಿಸುತ್ತದೆ. ಹಳೆಯ ಪೆಟ್ಟಿಗೆಗಳು ಚುರುಕಾದ್ದರಿಂದ ಹೆಚ್ಚು ಜೋರಾಗಿ ಕೇಳುತ್ತವೆ. ಎಲ್ಲವೂ ಸಮನಾಗುವವರೆಗೆ ಅವುಗಳ ಮಟ್ಟವನ್ನು ಇಳಿಸಿ. ಯಂತ್ರವೇ ಮೈಕಿನಿಂದ ಅಳೆದು ತಾನೇ ಹೊಂದಿಸಿದರೂ ಕೊನೆಗೊಮ್ಮೆ ನೀವು ನೋಡಬೇಕು. ಅದು ದೊಡ್ಡ ಕೋನನ್ನು ಕಂಡು 'ಲಾರ್ಜ್' ಎಂದು ಬರೆದುಕೊಂಡಿರಬಹುದು. ಹಳೆಯ ಕೋನಿನಲ್ಲಿ ಇಲ್ಲದ ಎತ್ತರದ ಸ್ವರಗಳನ್ನು ಬಲವಂತವಾಗಿ ಹೊರಡಿಸಲು ಯತ್ನಿಸಿರಬಹುದು. ಎರಡನ್ನೂ ತಿದ್ದಿ.

ಒಂದೇ ಒಂದು ಪೆಟ್ಟಿಗೆ ಇದ್ದವರು ಏನು ಮಾಡಬೇಕು? ಅದನ್ನು ಸಿನಿಮಾದ ಕೂಟಕ್ಕೆ ಸೇರಿಸುವುದಕ್ಕಿಂತ, ಸಣ್ಣದೊಂದು ಆಂಪ್ಲಿಫೈಯರು ಜೋಡಿಸಿ ಬಾನುಲಿಗೂ ಹಾಡಿಗೂ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಲೇಸು. ಆಕಾಶವಾಣಿಯ ನಿಲಯಗಳನ್ನು ಈಗ ಫೋನಿನ ಆ್ಯಪ್‌ನಲ್ಲಿಯೂ ಕೇಳಬಹುದು. ಅಲ್ಲಿಂದ ತಂತಿ ಎಳೆದರಾಯಿತು. ಒಂದು ಮಾತು ನೆನಪಿರಲಿ: ಆಂಪ್ಲಿಫೈಯರಿನ ಎಡ ಬಲ ತುದಿಗಳನ್ನು ಒಟ್ಟಿಗೆ ಹೆಣೆದು ಒಂದೇ ಸ್ಪೀಕರಿಗೆ ಕೊಡಬಾರದು, ಯಂತ್ರ ಕೆಡುತ್ತದೆ. ಮೋನೋ ಎಂಬ ಆಯ್ಕೆ ಇರುವ ಯಂತ್ರವನ್ನೇ ತನ್ನಿ. ೧೯೯೦ರಲ್ಲಿ ನಮ್ಮನ್ನಗಲಿದ ಗುಂಡ್ಮಿ ಕಾಳಿಂಗ ನಾವಡರ ಪದ್ಯಗಳ ಕ್ಯಾಸೆಟ್ಟು ನಿಮ್ಮಲ್ಲಿದ್ದರೆ, ಇಂಥ ಒಂದು ಪೆಟ್ಟಿಗೆಯಲ್ಲಿ ಹಾಕಿ ಕೇಳಿ ನೋಡಿ. ಆ ಧ್ವನಿಮುದ್ರಣವೂ ಈ ಕೋನೂ ಒಂದೇ ಕಾಲದ ಒಡನಾಡಿಗಳು.

ಕೋಣೆ ಮತ್ತು ಮಳೆಗಾಲ

ಪೆಟ್ಟಿಗೆಯಷ್ಟೇ ಮುಖ್ಯವಾದುದು ಕೋಣೆ. ಹೆಂಚಿನ ಹಳೆಯ ಮನೆಯಲ್ಲಿ ಮರದ ಜಂತಿ, ಹೆಂಚಿನ ಸಂದುಗಳು ದನಿಯನ್ನು ಒಂದಿಷ್ಟು ಕುಡಿದುಬಿಡುತ್ತವೆ. ಈಗಿನ ಸಿಮೆಂಟಿನ ಚಾವಡಿಯಲ್ಲಿ ನುಣುಪು ಕಲ್ಲಿನ ನೆಲ, ಗಾಜಿನ ಕಿಟಕಿ, ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಗಣಗಣ ಎನ್ನುತ್ತದೆ. ಅಲ್ಲಿ ಎಷ್ಟು ಒಳ್ಳೆಯ ಸ್ಪೀಕರಿಟ್ಟರೂ ಮಾತು ಕಲಸಿಹೋಗುತ್ತದೆ. ದಪ್ಪನೆಯ ಪರದೆ, ನೆಲಕ್ಕೆ ಒಂದು ಜಮಖಾನೆ, ಎದುರು ಗೋಡೆಗೆ ಪುಸ್ತಕದ ಕಪಾಟು ಇಷ್ಟಾದರೆ ಅರ್ಧ ಕೆಲಸ ಮುಗಿದಂತೆ. ಸಾವಿರಾರು ರೂಪಾಯಿಯ ಯಂತ್ರ ಮಾಡದ ಉಪಕಾರವನ್ನು ಒಂದು ಜಮಖಾನೆ ಮಾಡುವುದುಂಟು.

ಕಡೆಯದಾಗಿ ನಮ್ಮ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಈ ಸೀಮೆಯಲ್ಲಿ ಕಾಗದದ ಕೋನನ್ನು ಕಾಪಾಡುವುದು ಹಪ್ಪಳವನ್ನು ಕಾಪಾಡಿದಂತೆ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬೇಡಿ. ಒಂದು ಗೇಣು ಬಿಡುವಿರಲಿ. ನೆಲಕ್ಕೂ ತಾಗಿಸಬೇಡಿ. ಪ್ಲಾಸ್ಟಿಕ್ ಹೊದಿಕೆ ಬೇಡವೇ ಬೇಡ, ಒಳಗೆ ಬೆವರಿ ಬೂಸಲು ಹಿಡಿಯುತ್ತದೆ. ಹತ್ತಿ ಬಟ್ಟೆ ಸಾಕು. ಮುಂದಿನ ಜಾಲರಿ ಬಟ್ಟೆಗೆ ಬೂಸಲು ಬಂದರೆ ಅದನ್ನು ಮಾತ್ರ ಬಿಚ್ಚಿ ಬಿಸಿಲಿಗೆ ಹಾಕಿ, ಕೋನನ್ನು ಬಿಸಿಲಿಗೆ ಒಡ್ಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆಷಾಢದಲ್ಲಿಯೂ ದಿನಕ್ಕೆ ಅರ್ಧ ಗಂಟೆ ಅದು ಹಾಡಲಿ. ನುಡಿಯುತ್ತಿರುವ ಸ್ಪೀಕರಿನ ಸುರುಳಿ ತುಸು ಬೆಚ್ಚಗಿರುತ್ತದೆ, ಕೋನು ಚಲಿಸುತ್ತಿರುತ್ತದೆ. ಅಟ್ಟದ ಮೇಲೆ ಮೌನವಾಗಿ ಕುಳಿತದ್ದೇ ಬೇಗ ಹಾಳಾಗುವುದು.

ಎಲ್ಲ ಹಳೆಯ ಪೆಟ್ಟಿಗೆಗಳೂ ಹೀಗೆ ಬದುಕುತ್ತವೆ ಎಂದಲ್ಲ. ಸುರುಳಿಯೇ ಸುಟ್ಟು, ಕೋನು ಕೊಳೆತು, ಮರಕ್ಕೆ ಹುಳು ಹಿಡಿದದ್ದನ್ನು ಕೈಮುಗಿದು ಬೀಳ್ಕೊಡುವುದೇ ಸರಿ. ಹೊಸ ಒಳ್ಳೆಯ ಸ್ಪೀಕರು ಅನೇಕ ಅಂಶಗಳಲ್ಲಿ ಹಳೆಯದನ್ನು ಮೀರಿಸುತ್ತದೆ ಎಂಬುದನ್ನೂ ಒಪ್ಪಬೇಕು. ಹಳೆಯದೆಂಬ ಕಾರಣಕ್ಕೆ ಪೂಜಿಸುವುದೂ ಬೇಡ, ಹಳೆಯದೆಂಬ ಕಾರಣಕ್ಕೆ ಎಸೆಯುವುದೂ ಬೇಡ. ಒಮ್ಮೆ ಅಳೆದು ನೋಡಿ ತೀರ್ಮಾನಿಸಿ.

ಕುಂದಾಪುರದ ಆ ಮನೆಯಲ್ಲಿ ಪೆಟ್ಟಿಗೆಗಳು ಸಜ್ಜಾದ ದಿನ ಮಗ ಸಿನಿಮಾ ಹಾಕಲಿಲ್ಲ. ಒಂದು ತಾಳಮದ್ದಳೆಯ ಮುದ್ರಣವನ್ನು ಹಾಕಿದರು. 'ಕೃಷ್ಣ ಸಂಧಾನ'ದ ಅರ್ಥಗಾರಿಕೆ ನಡೆಯುತ್ತಿತ್ತು. ಒಳಗಿದ್ದ ತಾಯಿಯವರು ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿಯ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿಯ ಮೇಲೆ ಕುಳಿತರು. "ಈಗ ಸಮಾ ಗೊತ್ತಾತ್ತ್ ಕಾಣ್" ಎಂದರು. ಪ್ರಸಂಗ ಮುಗಿಯುವವರೆಗೆ ಅವರು ಏಳಲಿಲ್ಲ. ಬೆಳ್ಳುಳ್ಳಿ ಸುಲಿದು ಮುಗಿಯಿತು.

ಮುಂದಿನ ರಜೆಯ ದಿನ ನೀವೂ ನಿಮ್ಮ ಅಟ್ಟವನ್ನೊಮ್ಮೆ ಹತ್ತಿ ನೋಡಿರಿ. ಹತ್ತುವಾಗ ಟಾರ್ಚು ಒಯ್ಯಿರಿ. ದಾರಿ ಕಾಣಲು ಬೇಕು, ಕೋನಿನ ದಿಕ್ಕು ನೋಡಲು ಅದರ ಸೆಲ್ಲೂ ಬೇಕಾದೀತು.